ಕೊನೇ ಸಾಲಿನ ಸಣ್ಣಕ್ಷರ

ಮಾರ್ಚ್ 4

ಅಪ್ಪಾ,

ಮೊನ್ನೆ ಫೋನು ಮಾಡಿದಾಗ ನೀನು "ಹಾಂ ಹಾಂ, ಊಟ ಆಯ್ತು" ಅಂದೆ. ನಾನು ಕೇಳಿದ್ದು ಅದನ್ನಲ್ಲ. ಯಾವಾಗ ಬರ್ತೀಯ ಅಂತ ಕೇಳಿದ್ದೆ. ಕಿವಿಗೆ ಮಿಷನ್ ಹಾಕಿಕೋ ಅಂದರೆ ಅದು ಡಬ್ಬಿಯಲ್ಲೇ ಸುಖವಾಗಿದೆ ಅಂತೀಯ. ಇನ್ನು ಮೇಲೆ ಪತ್ರವೇ ಸರಿ. ಕಾಗದದಲ್ಲಿ ಬರೆದದ್ದನ್ನು ಕೇಳಿಸಲಿಲ್ಲ ಅನ್ನುವ ಹಾಗಿಲ್ಲವಲ್ಲ.

ಕೂಸು ಚೆನ್ನಾಗಿದ್ದಾಳೆ. ಇಷ್ಟು ಬರೆದು ಎದ್ದು ಹೋಗಿ ನೋಡಿ ಬಂದೆ. ಚೆನ್ನಾಗಿದ್ದಾಳೆ. ಅವಳು ಮಲಗಿದಾಗ ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ. ಉಸಿರು ತಾಗುತ್ತದೆ. ಬೆರಳು ತೆಗೆದ ಕೂಡಲೇ, ತಾಗಿದ್ದು ನಿಜವೋ ನಾನೇ ಹಾಗಂದುಕೊಂಡೆನೋ ಅಂತ ಅನುಮಾನ ಶುರುವಾಗುತ್ತದೆ. ಮತ್ತೆ ಹಿಡಿಯುತ್ತೇನೆ. ಅವಳ ಬಾಟಲಿ, ಚಮಚ, ಟೋಪಿ ಎಲ್ಲ ಕುದಿಸುತ್ತೇನೆ. ಮನೆ ತುಂಬ ಹಬೆ. ನಿನ್ನ ಅಳಿಯ ಕೋಲ್ಡ್ ಸ್ಟೋರೇಜಿನ ಪಾಳಿ ಮುಗಿಸಿ ಬಂದು, "ನೀನು ಮಲಗು, ನಾನು ನೋಡಿಕೊಳ್ತೀನಿ" ಅಂತಾರೆ. ಹಾಗಂದು ಅವರೇ ಮೊದಲು ಗೊರಕೆ ಹೊಡೆಯುತ್ತಾರೆ. ತಪ್ಪೇನಿಲ್ಲ, ದಣಿದಿರುತ್ತಾರೆ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಏನೋ ಕೈಬಿಟ್ಟ ಹಾಗಾಗುತ್ತದೆ.

ಅಮ್ಮ ಹೆರಿಗೆಗೆ ಮುಂಚೆ ಕಳಿಸಿದ ಬಟ್ಟೆಯ ಗಂಟು ಬೀರುವಿನ ಮೇಲಿದೆ. ಅವಳು ಬಟ್ಟೆ ಒಗೆಯುತ್ತಿದ್ದ ಆಸ್ಪತ್ರೆಯಲ್ಲಿ ಬೇಡವೆಂದು ಬಿಟ್ಟ ಹಾಸಿಗೆ ಬಟ್ಟೆಗಳನ್ನು ಕತ್ತರಿಸಿ ಹೊಲಿದದ್ದು. "ಒಗೆದು ಒಗೆದು ಬೆಣ್ಣೆ ಆಗಿವೆ, ಮಗುವಿಗೆ ಇದಕ್ಕಿಂತ ಮೆತ್ತನೆಯದು ಅಂಗಡಿಯಲ್ಲಿ ಸಿಗಲ್ಲ" ಅಂದಿದ್ದಳು. ನಾನಿನ್ನೂ ಬಿಚ್ಚಿಲ್ಲ. ಅಲ್ಲಿಂದ ಬಂದ ಬಟ್ಟೆ ಅಲ್ಲವಾ.

ಆ ಜ್ವರ ಆಸ್ಪತ್ರೆಗೆ ಬಂದಾಗ ಅವಳು ರಜೆ ಹಾಕಿ ನನ್ನ ಹತ್ತಿರ ಬರಬೇಕಿತ್ತು. ಲಾಂಡ್ರಿಯಲ್ಲಿ ಜನ ಇಲ್ಲ, ಬಟ್ಟೆ ರಾಶಿ ಬಿದ್ದಿದೆ, ಇದೊಂದು ಮುಗಿಸಿ ಬರ್ತೀನಿ ಅಂದಳು. ನಾನು ಇಲ್ಲಿ ಹೆರಿಗೆ ವಾರ್ಡಿನಲ್ಲಿ, ಅವಳು ಅಲ್ಲಿ ಅದೇ ಜ್ವರ ಹತ್ತಿ ಬಾಗಿಲು ಹಾಕಿದ ವಾರ್ಡಿನಲ್ಲಿ. ಕೂಸು ಹುಟ್ಟಿದ್ದು, ಹೋಗುವ ಮುಂಚೆ ಅವಳಿಗೆ ಗೊತ್ತಾಯ್ತಾ ಅಪ್ಪಾ? ಇದನ್ನು ಫೋನಿನಲ್ಲಿ ಕೂಗಿ ಕೇಳಲು ನನ್ನಿಂದ ಆಗಲಿಲ್ಲ.

ಬಾ. ನೀನು ಕೂಸನ್ನು ಇನ್ನೂ ನೋಡೇ ಇಲ್ಲ.

ನಿನ್ನ,
ಗುಬ್ಬಿ

*

ಮಾರ್ಚ್ 15

ಗುಬ್ಬಿ,

ನಿನ್ನ ಕಾಗದ ಬಂತು. ಜೊತೆಗೆ ಹಾಲಿನ ಕಲೆಯೂ ಬಂತು. ಮರಿಗುಬ್ಬಿ ರುಜು ಹಾಕಿದ್ದಾಳೆ ಅಂದುಕೊಂಡೆ.

ಈಗ ಬರೋಕೆ ಆಗಲ್ಲ. ಕೆಲಸ ಸಿಕ್ಕಿದೆ. ನಗಬೇಡ, ನಿಜವಾಗಿ ಸಿಕ್ಕಿದೆ. ಈಗೀಗ ಎಲ್ಲರೂ ಮಿಷನ್ನಲ್ಲಿ ಪ್ರಿಂಟಾದ ಪ್ಲಾಸ್ಟಿಕ್ ತಂದು ಅಂಟಿಸ್ತಾರೆ, ಬೋರ್ಡು ಬರೆಯೋನನ್ನ ಯಾರು ಕರೀತಾರೆ? ಕರೆದವರು ನಿಮ್ಮಮ್ಮನ ಆಸ್ಪತ್ರೆಯವರು. ಜ್ವರದಲ್ಲಿ ಹೋದ ಸಿಬ್ಬಂದಿಯ ನೆನಪಿಗೆ ಮುಂದಿನ ಹಾಲ್‌ನಲ್ಲಿ ದೊಡ್ಡದೊಂದು ಮರದ ಹಲಗೆ ಹಾಕ್ತಾರಂತೆ. ಕೈಯಲ್ಲಿ ಬರೆದರೇ ಗೌರವ ಅಂತ ಅಲ್ಲಿನ ದೊಡ್ಡ ಡಾಕ್ಟರು ಹೇಳಿದರಂತೆ. ಆಫೀಸಿನ ಸೂಪರಿಂಟೆಂಡೆಂಟ್ ಕರೆಸಿ ಒಂದು ಟೈಪು ಮಾಡಿದ ಹಾಳೆ ಕೊಟ್ಟ. ಹೊಸಬ. ನಾನು ಯಾರ ಗಂಡ ಅಂತ ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಈಗ ನನ್ನ ಫಜೀತಿ ಕೇಳು. ಹಾಳೆಯಲ್ಲಿ ಮೇಲೆ ಡಾಕ್ಟರುಗಳ ಹೆಸರು. ಪೂರ್ತಿ ದೊಡ್ಡ ಎಬಿಸಿಡಿ. ಅದು ನನಗೆ ನೀರು ಕುಡಿದಷ್ಟು ಸಲೀಸು. ಅದರ ಕೆಳಗೆ ನರ್ಸುಗಳು. ಅಲ್ಲಿ ಮುಂದೆ ಒಂದು ದೊಡ್ಡದು, ಅದರ ಹಿಂದೆ ಸಣ್ಣವು, ತಾಯಿಕೋಳಿ ಹಿಂದೆ ಮರಿ ಹೋದ ಹಾಗೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲಿದೆ, ಅದರಲ್ಲಿ ದೊಡ್ಡದು ಒಂದೂ ಇಲ್ಲ. ಬರೀ ಮರಿಗಳು.

ನಿನಗೆ ಗೊತ್ತಲ್ಲ, ನನಗೆ ದೊಡ್ಡ ಎಬಿಸಿಡಿ ಮಾತ್ರ ಬರೋದು. ಕೆಲಸ ಕಲಿಸಿದ ಪೇಂಟರು ಅದನ್ನೇ ಕಲಿಸಿದ. ಬೋರ್ಡು ಅಂದರೆ ಬೀದಿ ಆಚೆಯಿಂದ ಕಾಣಬೇಕು, ಸಣ್ಣದು ಯಾವನಿಗೆ ಬೇಕು ಅಂತಿದ್ದ. ನಾನೂ ಜೀವಮಾನ ಪೂರ್ತಿ ಹಾಗೇ ತಳ್ಳಿದೆ. ಮೆಡಿಕಲ್ ಸ್ಟೋರು, ಟೈಲರು, ಸೈಕಲ್ ಶಾಪು, ಎಲ್ಲರಿಗೂ ದೊಡ್ಡದೇ. ಯಾರೂ ಕೇಳಲಿಲ್ಲ.

ನೀನು ಮಕ್ಕಳ ಇಂಗ್ಲಿಷ್ ಪುಸ್ತಕ ತಿದ್ದುವ ಕೆಲಸ ಮಾಡಿದವಳು. ಸಣ್ಣ ಎಬಿಸಿಡಿ ಬರೆದು ಕಳಿಸು. ಯಾವುದು ಎಲ್ಲಿ ದೊಡ್ಡದು ಬರುತ್ತೆ, ಎಲ್ಲಿ ಸಣ್ಣದು, ಅದನ್ನೂ ಬರಿ.

ಆ ಕೊನೇ ಸಾಲನ್ನ ಇದ್ದದ್ದು ಇದ್ದ ಹಾಗೆ ನೋಡಿಕೊಂಡು ಚಿತ್ರ ಬರೆದ ಹಾಗೆ ಬರೆದು ಇಟ್ಟಿದ್ದೀನಿ. ಲಾಂಡ್ರಿಯವರ ಹೆಸರು ಅಲ್ಲೇ ಇರಬೇಕು. ನಿಮ್ಮಮ್ಮನದು ಯಾವುದು, ಓದಿ ಹೇಳು. ಅದನ್ನ ಚೆನ್ನಾಗಿ ಬರೀಬೇಕು.

ಹೊತ್ತಿಗೆ ಊಟ ಮಾಡು.

ಅಪ್ಪ

*

ಮಾರ್ಚ್ 24

ಅಪ್ಪಾ,

ಈ ಪತ್ರವನ್ನು ಹಿಂದುಮುಂದಾಗಿ ಬರೆಯುತ್ತಿದ್ದೇನೆ. ಮೊದಲು ಹೇಳಬೇಕಾದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಓದುವಾಗ ಕೂತುಕೊಂಡು ಓದು.

ನಾಲ್ಕು ಗೆರೆಯ ಹಾಳೆಯಲ್ಲಿ ಸಣ್ಣ ಅಕ್ಷರ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಪ್ರತಿಯೊಂದರ ಪಕ್ಕದಲ್ಲಿ ನಿನಗೆ ಗೊತ್ತಿರುವ ದೊಡ್ಡದು. ಕೆಲವಕ್ಕೆ ಬಾಲ ಕೆಳಗಿನ ಗೆರೆಗೆ ಇಳಿಯುತ್ತದೆ, ಕೆಲವು ಮೇಲಿನ ಗೆರೆಗೆ ಕೈ ಎತ್ತುತ್ತವೆ, ಉಳಿದವು ನಡುವೆ ಕೂರುತ್ತವೆ. ಕೆಲವು ದೊಡ್ಡವಾದರೂ ಸಣ್ಣವಾದರೂ ಅದೇ ಮುಖ. ಅವುಗಳ ತಂಟೆ ಇಲ್ಲ.

ದೊಡ್ಡದು ಎಲ್ಲಿ ಅಂದರೆ: ವಾಕ್ಯದ ಮೊದಲ ಅಕ್ಷರ. ಮನುಷ್ಯರ ಹೆಸರು, ಊರಿನ ಹೆಸರು, ವಾರ ಮತ್ತು ತಿಂಗಳಿನ ಹೆಸರು. ಬೇಸಿಗೆ, ಚಳಿಗಾಲ ಇವಕ್ಕೆ ಇಲ್ಲ, ಯಾಕೆ ಅಂತ ಕೇಳಬೇಡ. ಡಾಕ್ಟರ್ ಅನ್ನುವುದು ಒಬ್ಬರ ಹೆಸರಿಗೆ ಅಂಟಿಕೊಂಡಿದ್ದರೆ ದೊಡ್ಡದು. ಸುಮ್ಮನೆ ಯಾರೋ ಡಾಕ್ಟರು ಬಂದರು ಅಂದರೆ ಅವರೂ ಸಣ್ಣಕ್ಷರವೇ. ಪೂರ್ತಿ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಬೇಕು ಅನ್ನುವ ನಿಯಮ ಯಾವ ಡಾಕ್ಟರಿಗೂ ಇಲ್ಲ. ಅದು ನಿನ್ನ ಸೂಪರಿಂಟೆಂಡೆಂಟಿನ ಸ್ವಂತ ಇಂಗ್ಲಿಷ್. ಹೆಸರು ಅಂದಮೇಲೆ ಡಾಕ್ಟರದಾದರೂ ಅಷ್ಟೆ, ಕಸ ಗುಡಿಸುವವರದಾದರೂ ಅಷ್ಟೆ, ಮೊದಲನೆಯದು ದೊಡ್ಡದು, ಮಿಕ್ಕವು ಸಣ್ಣವು. 'ನಾನು' ಅನ್ನುವುದು ಮಾತ್ರ ಇಂಗ್ಲಿಷಿನಲ್ಲಿ ಎಲ್ಲಿ ಬಂದರೂ ದೊಡ್ಡದು. ನೀನು, ಅವಳು, ನಾವು ಎಲ್ಲ ಸಣ್ಣದು.

ಇನ್ನೊಂದು ಇದೆ. ಅಮ್ಮಾ ಅಂತ ಕರೆಯುವಾಗ, ಅದನ್ನೇ ಹೆಸರಿನ ಹಾಗೆ ಬಳಸಿದಾಗ ದೊಡ್ಡಕ್ಷರ. 'ನನ್ನ ಅಮ್ಮ' ಅಂದರೆ ಸಣ್ಣದು. ಇದನ್ನು ಮೂರನೇ ಕ್ಲಾಸಿನ ಪುಸ್ತಕಕ್ಕೆ ನಾನೇ ಬರೆದಿದ್ದೆ. ಆಗ ಏನೂ ಅನಿಸಿರಲಿಲ್ಲ.

ಈಗ ಹೇಳುತ್ತೇನೆ. ನೀನು ಕಳಿಸಿದ ಸಾಲಿನಲ್ಲಿ ಅಮ್ಮನ ಹೆಸರಿಲ್ಲ ಅಪ್ಪಾ. ಯಾರ ಹೆಸರೂ ಇಲ್ಲ. 'ಮತ್ತು ಇತರ ಸಿಬ್ಬಂದಿ' ಅಂತಿದೆ. ಅಷ್ಟೇ ಇರುವುದು. ಅದಕ್ಕೇ ಅದರಲ್ಲಿ ಒಂದೂ ದೊಡ್ಡಕ್ಷರ ಇಲ್ಲ.

ನೀನು ಚಿತ್ರ ಬರೆದ ಹಾಗೆ ಬರೆದಿದ್ದರೂ ಒಂದು ಅಕ್ಷರವೂ ತಪ್ಪಿಲ್ಲ. ಎಷ್ಟು ನಿಧಾನವಾಗಿ ಬರೆದಿರಬೇಕು.

ಗುಬ್ಬಿ

*

ಏಪ್ರಿಲ್ 10

ಗುಬ್ಬಿ,

ಕೂತುಕೊಂಡೇ ಓದಿದೆ. ಆಮೇಲೆ ಏಳಲಿಲ್ಲ, ಬಹಳ ಹೊತ್ತು.

ಮಾರನೇ ದಿನ ಆಸ್ಪತ್ರೆಗೆ ಹೋದೆ. ಮಿಷನ್ನು ಕಿವಿಗೆ ಹಾಕಿಕೊಂಡೇ ಹೋದೆ, ಕೇಳಿಸಲಿಲ್ಲ ಅನ್ನೋ ನೆಪ ಬೇಡ ಅಂತ. ಸೂಪರಿಂಟೆಂಡೆಂಟ್ ಕುರ್ಚಿ ಕೊಟ್ಟ. ಒಳ್ಳೆಯವನೇ.

"ಸಾರ್, ಈ ಕೊನೇ ಸಾಲಿನಲ್ಲಿ ಯಾರ್ಯಾರು ಬರ್ತಾರೆ?" ಅಂದೆ.

"ಅದಾ? ಲಾಂಡ್ರಿ, ಅಡುಗೆಮನೆ, ಸ್ಟ್ರೆಚರ್ ತಳ್ಳೋರು, ಹೀಗೆ."

"ಅವರ ಹೆಸರು?"

"ಎಲ್ಲರ ಹೆಸರು ಬರೆದರೆ ಹಲಗೆ ಸಾಲಲ್ಲಪ್ಪ."

"ಸಾಲುತ್ತೆ ಸಾರ್. ಹಲಗೆ ಅಳೆದವನು ನಾನು. ಅಕ್ಷರ ಸ್ವಲ್ಪ ಇಳಿಸಿದರೆ ಎಲ್ಲರೂ ಕೂರ್ತಾರೆ."

"ಡಾಕ್ಟರ ಅಕ್ಷರ ಇಳಿಸೋದಾ? ಚೆನ್ನಾಗಿ ಹೇಳಿದೆ ಬಿಡು. ಕಮಿಟಿ ಒಪ್ಪಿ ಸಹಿ ಹಾಕಿದ ಹಾಳೆ ಇದು. ನೀನು ಬರೆಯೋನು, ಬರಿ."

ಆಗ ಹೇಳಿದೆ, ಆ ಸಾಲಿನಲ್ಲಿ ನನ್ನ ಹೆಂಡತಿ ಇದ್ದಾಳೆ ಅಂತ. ಅವನ ಮುಖ ಇಷ್ಟಾಯ್ತು. ಪಾಪ ಅನಿಸ್ತು. ನೀರು ತರಿಸಿದ. "ನಿಮಗೆ ಕಷ್ಟ ಆದರೆ ಬೇರೆಯವರಿಗೆ ಕೊಡ್ತೀನಿ" ಅಂದ. ಅಲ್ಲಿವರೆಗೆ ನೀನು ಅಂತಿದ್ದವನು ನೀವು ಅಂದ, ಅಷ್ಟೇ ನನಗೆ ದಕ್ಕಿದ್ದು. ಬೇರೆಯವರು ಅಂದರೆ ಪ್ಲಾಸ್ಟಿಕ್ಕಿನವರು. ನಾನೇ ಬರೀತೀನಿ ಅಂದು ಬಂದೆ.

ನಿನ್ನ ಹಾಳೆ ಗೋಡೆಗೆ ಅಂಟಿಸಿ ಅಭ್ಯಾಸ ಮಾಡ್ತಿದ್ದೀನಿ. ಈ ಸಣ್ಣವು ದೊಡ್ಡವಕ್ಕಿಂತ ತರಲೆ. ದೊಡ್ಡಕ್ಷರ ನೆಟ್ಟಗೆ ನಿಂತಿರುತ್ತೆ, ಗೆರೆ ಎಳೆದರೆ ಆಯ್ತು. ಇವು ಹೊಟ್ಟೆ ಬಿಡ್ತಾವೆ, ಬಾಲ ಬಿಡ್ತಾವೆ, ಬ್ರಶ್ಶು ತಿರುಗಿಸಿ ತಿರುಗಿಸಿ ಕೈ ನೋಯುತ್ತೆ. ನಮ್ಮಕ್ಷರ ಬರೆದ ಹಾಗೇ ಸುತ್ತು ಜಾಸ್ತಿ. ನಮ್ಮದರಲ್ಲಿ ದೊಡ್ಡದು ಸಣ್ಣದು ಅಂತ ಭೇದ ಇಲ್ಲ, ಅಷ್ಟು ವಾಸಿ.

ಒಂದು ಕೇಳಬೇಕು. 'ನನ್ನ' ಅಂತ ಮುಂದೆ ಬಂದ ಕೂಡಲೇ ಅಮ್ಮ ಯಾಕೆ ಸಣ್ಣವಳಾಗ್ತಾಳೆ?

ಅಪ್ಪ

*

ಏಪ್ರಿಲ್ 19

ಅಪ್ಪಾ,

ಯಾಕೆ ಅಂತ ನನಗೆ ಗೊತ್ತಿಲ್ಲ. ಪುಸ್ತಕದಲ್ಲಿ ಹಾಗಿದೆ.

ಆದರೆ ನೀನು ಆ ಸಾಲು ಬರೆಯಬೇಡ. ನೀನಾಗಿ ನಿನ್ನ ಕೈಯಿಂದ ಅಮ್ಮನನ್ನು 'ಇತರ' ಅಂತ ಬರೆಯುತ್ತೀಯಾ? ಕುರ್ಚಿ ಕೊಟ್ಟ, ನೀರು ಕೊಟ್ಟ, ನೀವು ಅಂದ, ಅಷ್ಟಕ್ಕೆ ಕರಗಿಬಿಟ್ಟೆಯಾ? ಅವಳಿದ್ದಿದ್ದರೆ ಏನನ್ನುತ್ತಿದ್ದಳು ಗೊತ್ತಲ್ಲ. "ನಿಮ್ಮಪ್ಪನ ಬೆನ್ನು ಏಣಿ ಹತ್ತಿದಾಗ ಮಾತ್ರ ನೆಟ್ಟಗಿರುತ್ತೆ" ಅನ್ನುತ್ತಿದ್ದಳು.

ಅವಳ ಹೆಸರು ಬರಿ. ಯಾರನ್ನೂ ಕೇಳದೆ ಬರಿ. ಅಳಿಸಿದರೆ ಅಳಿಸಲಿ. ಆಗಲ್ಲ ಅಂದರೆ ಕೆಲಸ ಬಿಡು.

ಇಲ್ಲಿನದು ಕೇಳು. ನಿನ್ನೆ ಸಂಜೆ ಸ್ವಲ್ಪ ಕಣ್ಣು ಹತ್ತಿತ್ತು. ಎಚ್ಚರವಾದಾಗ ತೊಟ್ಟಿಲು ಖಾಲಿ. ಬರಿಗಾಲಿನಲ್ಲಿ ಬೀದಿಗೆ ಓಡಿದೆ. ಎದುರು ಮನೆಯವರ ಮೆಟ್ಟಿಲ ಮೇಲೆ ಇವರು ಕೂಸನ್ನು ಎತ್ತಿಕೊಂಡು ಹರಟೆ ಹೊಡೆಯುತ್ತಾ ನಿಂತಿದ್ದರು. "ನೀನು ಮಲಗಿದ್ದೆ, ಎಬ್ಬಿಸೋದು ಬೇಡ ಅಂತ" ಅಂದರು. ನಾನು ಅವರಿಗೆ ಎಲ್ಲರೆದುರು ಏನೇನೋ ಅಂದುಬಿಟ್ಟೆ. ಡಾಕ್ಟರು ನಿದ್ದೆ ಮಾಡಿ ಅಂತಾರೆ, ಮಾತ್ರೆ ಬರೆದು ಕೊಟ್ಟಂತೆ ಸುಲಭವಾಗಿ. ಮಾತ್ರೆಯನ್ನೂ ಕೊಟ್ಟಿದ್ದಾರೆ. ಅದನ್ನು ತೆಗೆದುಕೊಂಡರೆ ಅವಳು ಅತ್ತದ್ದು ಕೇಳಿಸದೇ ಹೋದರೆ?

ಆ ಸಾಲು ಬರೆದೆ ಅಂತ ಮಾತ್ರ ನನಗೆ ಪತ್ರ ಬರೆಯಬೇಡ. ಬರೆದರೆ ನಾನು ಉತ್ತರ ಕೊಡುವುದಿಲ್ಲ.

ನನ್ನ ಮೊದಲ ಪತ್ರದಲ್ಲಿ ಒಂದು ಕೇಳಿದ್ದೆ. ಅದಕ್ಕೆ ನೀನು ಎರಡು ಪತ್ರದಲ್ಲೂ ಉತ್ತರ ಕೊಟ್ಟಿಲ್ಲ.

ಗುಬ್ಬಿ

*

ಮೇ 6

ಗುಬ್ಬಿ,

ಅಳಿಯಂದಿರನ್ನ ಬೈಬೇಡ. ನಾನು ನಿನ್ನನ್ನ ಎತ್ತಿಕೊಂಡು ಹಾಗೇ ಬೀದಿ ಸುತ್ತುತ್ತಿದ್ದೆ. ನಿಮ್ಮಮ್ಮ ಸೌಟು ಹಿಡಕೊಂಡು ಹುಡುಕಿಕೊಂಡು ಬರ್ತಿದ್ದಳು.

ಹಲಗೆ ಮನೆಗೆ ಬಂದಿದೆ. ನಡುಮನೆಯಲ್ಲಿ ಗೋಡೆಗೆ ಒರಗಿಸಿದ್ದೀನಿ. ಎಷ್ಟು ದೊಡ್ಡದು ಅಂದರೆ ಅಡುಗೆಮನೆಗೆ ಅಡ್ಡ ತಿರುಗಿ ಹೋಗಬೇಕು. ಮರಳು ಕಾಗದ ಹಾಕಿ ಉಜ್ಜಿ ನುಣ್ಣಗೆ ಮಾಡಿದ್ದೀನಿ. ಇನ್ನೂ ಬಣ್ಣ ಮುಟ್ಟಿಸಿಲ್ಲ.

ಟೈಲರ್ ಅಂಗಡಿ ಬೋರ್ಡು ನೆನಪಿದೆಯಾ? ಹಳೇ ಕೆಂಪು ಬೋರ್ಡಿನ ಮೇಲೆ ಬಿಳಿ ಹೊಡೆದು ಹೊಸ ಹೆಸರು ಬರೆದಿದ್ದೆ. ಕೆಲವು ತಿಂಗಳಿಗೆ ಹಳೇ ಮಾಲೀಕನ ಹೆಸರು ಬಿಳಿ ಒಳಗಿಂದ ಮೇಲಕ್ಕೆ ಬಂದು ನಿಂತಿತ್ತು. ಅಗ್ಗದ ಕೆಂಪು ಅದು, ಬಿಡ್ತಾ ಬಿಡ್ತಾ ಮೇಲಕ್ಕೆ ಬರುತ್ತೆ. ಟೈಲರು ನನ್ನ ಅಂಗಿ ಹಿಡಕೊಂಡಿದ್ದ. ಎಷ್ಟು ಸಲ ಬಿಳಿ ಹೊಡೆದರೂ ಗುಲಾಬಿ. ನಿಮ್ಮಮ್ಮ ನಕ್ಕು ನಕ್ಕು, "ನಾನು ಒಗೆದರೆ ಕಲೆ ಹೋಗುತ್ತೆ, ಇವರು ಹೊಡೆದರೆ ಕಲೆ ಬರುತ್ತೆ" ಅಂತ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇರಲಿ. ಒಂದು ಕೆಲಸ ಮಾಡು. ನಿಮ್ಮಮ್ಮನ ಹೆಸರನ್ನ ಇಂಗ್ಲಿಷಿನಲ್ಲಿ ಬರೆದು ಕಳಿಸು. ದೊಡ್ಡದರಲ್ಲಿ ನನಗೇ ಬರುತ್ತೆ. ನಿಯಮದ ಪ್ರಕಾರ ಬೇಕು. ಮೊದಲನೆಯದು ದೊಡ್ಡದು, ಮಿಕ್ಕವು ಸಣ್ಣವು, ಅಲ್ಲವಾ? ತಪ್ಪಾಗಬಾರದು.

ಅಪ್ಪ

*

ಮೇ 14

ಅಪ್ಪಾ,

ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಾಲ್ಕು ಗೆರೆ ಎಳೆದು, ನಿಧಾನವಾಗಿ. ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದು ನನಗೆ ಇದೇ ಮೊದಲು ಅನಿಸುತ್ತದೆ. ಶಾಲೆಯ ಅರ್ಜಿಗಳಲ್ಲಿ ನಿನ್ನ ಹೆಸರು ಮಾತ್ರ ಕೇಳುತ್ತಿದ್ದರು.

ನೀನು ಬರೆಯುತ್ತೀಯ ಅಂತ ನಂಬಿದ್ದೇನೆ.

ಗುಬ್ಬಿ

*

ಜೂನ್ 11

ಗುಬ್ಬಿ,

ಹಲಗೆ ಮುಗೀತು. ನಿನ್ನೆ ಆಸ್ಪತ್ರೆಯ ಹಾಲ್‌ನಲ್ಲಿ ಏರಿಸಿದರು. ದೊಡ್ಡ ಡಾಕ್ಟರು ಬಂದು ಪರದೆ ಎಳೆದರು, ಎಲ್ಲರೂ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದರು.

ಹಾಳೆಯಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೆದಿದ್ದೀನಿ. ಕೊನೇ ಸಾಲನ್ನೂ. ಸಣ್ಣಕ್ಷರ ಚೆನ್ನಾಗಿ ಬಂದಿದೆ ಅಂತ ಸೂಪರಿಂಟೆಂಡೆಂಟ್ ಹೊಗಳಿದ. ನನ್ನ ಮಗಳು ಕಲಿಸಿದ್ದು ಅಂದೆ.

ನಿನಗೆ ಕೋಪ ಬರುತ್ತೆ. ಬರಲಿ. ಉತ್ತರ ಕೊಡಲ್ಲ ಅಂದಿದ್ದೀಯ, ಅದೂ ಸರಿ. ಮರಿಗುಬ್ಬಿ ಕವುಚಿಕೊಂಡಳಾ ಅಂತ ಮಾತ್ರ ಒಂದು ಸಾಲು ಹಾಕಿದರೆ ಸಾಕು.

ಅಪ್ಪ

*

ಜುಲೈ 20

ಗುಬ್ಬಿ,

ನಿನ್ನ ಕಾಗದ ಇಲ್ಲ. ಅಂಚೆಯವನು ನನ್ನ ಮನೆ ಮುಂದೆ ಬಂದಾಗ ಸೈಕಲ್ ಬೇಗ ತುಳೀತಾನೆ, ನಾನು ಕೇಳೋಕೆ ಮುಂಚೆ.

ಅಳಿಯಂದಿರಿಗೆ ಫೋನು ಮಾಡಿದ್ದೆ. ಅವರು ಹೇಳಿದ್ದರಲ್ಲಿ 'ಹಲ್ಲು' ಅನ್ನೋದೊಂದು ಕೇಳಿಸ್ತು. ಅಷ್ಟು ಕೇಳಿಸಿದ್ದೇ ಬೇಕಾದಷ್ಟಾಯ್ತು.

ಅಪ್ಪ

*

ಸೆಪ್ಟೆಂಬರ್ 27

ಗುಬ್ಬಿ,

ಇದನ್ನಾದರೂ ಪೂರ್ತಿ ಓದು.

ಹೋದ ವಾರ ಆಸ್ಪತ್ರೆಯಿಂದ ಕರೆ ಬಂತು. ಹೋದೆ. ಸೂಪರಿಂಟೆಂಡೆಂಟ್ ಹಾಲಿಗೆ ಕರೆದುಕೊಂಡು ಹೋಗಿ, "ಏನ್ರೀ ಇದು? ಹಲಗೆಗೆ ತೇವ ಹತ್ತಿದೆಯಾ?" ಅಂದ. ಬಿಳಿ ಮೇಲೆ ಅಲ್ಲಲ್ಲಿ ಗುಲಾಬಿ ಕಾಣ್ತಿತ್ತು. ಹತ್ತಿರದಿಂದ ನೋಡಿದರೆ ಬರೀ ಕಲೆ. ಅವನು ಹತ್ತಿರದಿಂದಲೇ ನೋಡ್ತಿದ್ದ. ನಾನು ಬಾಗಿಲ ಹತ್ತಿರ ಹೋಗಿ ನಿಂತು ನೋಡಿದೆ. ಬೋರ್ಡು ದೂರದಿಂದ ನೋಡಬೇಕು.

ನಿಮ್ಮಮ್ಮನ ಹೆಸರು. ಹಲಗೆಯ ಈ ತುದಿಯಿಂದ ಆ ತುದಿಗೆ. ಮೊದಲನೆಯದು ದೊಡ್ಡದು, ಮಿಕ್ಕವು ಸಣ್ಣವು. ನೀನು ಬರೆದು ಕಳಿಸಿದ್ದೀಯಲ್ಲ, ಅದೇ ಥರ, ಬಾಲ ಎಲ್ಲಿ ಇಳೀಬೇಕೋ ಅಲ್ಲೇ ಇಳಿದಿದೆ.

ಹಲಗೆಗೆ ಮೊದಲು ಹಚ್ಚಿದ್ದೇ ಅದನ್ನ. ಟೈಲರ್ ಬೋರ್ಡಿನ ಆ ಹಳೇ ಕೆಂಪು ಹುಡುಕಿಕೊಂಡು ಊರೆಲ್ಲ ತಿರುಗಿದೆ. ಈಗ ಯಾರೂ ಇಡಲ್ಲ. ಕೊನೆಗೆ ಒಂದು ಹಾರ್ಡ್‌ವೇರ್ ಅಂಗಡಿಯ ಅಟ್ಟದಲ್ಲಿ ಸಿಕ್ಕಿತು, ಡಬ್ಬಿಗೆ ತುಕ್ಕು ಹಿಡಿದಿತ್ತು. "ಇದು ಬಿಡುತ್ತೆ ಕಣಯ್ಯ, ಬೇಡ" ಅಂದ ಅಂಗಡಿಯವನು. "ಬಿಡಲಿ ಅಂತಲೇ" ಅಂದೆ. ಅದು ಒಣಗಿದ ಮೇಲೆ ಬಿಳಿ ಹೊಡೆದು, ಅದರ ಮೇಲೆ ಅವರ ಹಾಳೆ ಬರೆದೆ. ಡಾಕ್ಟರು, ನರ್ಸು ಎಲ್ಲರೂ ಈಗ ಅವಳ ಮೇಲೇ ಇದ್ದಾರೆ, ಅವಳು ಒಗೆದ ಬಟ್ಟೆ ಮೇಲೆ ಮಲಗಿದ ಹಾಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಸತ್ತವರೇ.

ಜೂನಿನಲ್ಲೇ ಯಾಕೆ ಹೇಳಲಿಲ್ಲ ಅಂದರೆ, ಬಣ್ಣ ಹಳೇದು, ಬರುತ್ತೋ ಇಲ್ಲವೋ ನನಗೇ ಧೈರ್ಯ ಇರಲಿಲ್ಲ. ಬರದೇ ಹೋಗಿದ್ದರೆ ನಿನಗೆ ಇನ್ನೊಂದು ಸುಳ್ಳು ಹೇಳಿದ ಹಾಗಾಗ್ತಿತ್ತು.

ಸೂಪರಿಂಟೆಂಡೆಂಟ್ ಇನ್ನೊಂದು ಕೋಟು ಹೊಡೀರಿ ಅಂದ. "ಹೊಡೀತೀನಿ ಸಾರ್" ಅಂದೆ. ಆಮೇಲೆ ಅವನೂ ಬಾಗಿಲ ಹತ್ತಿರ ಬಂದು ನಿಂತ. ಓದಿದ ಅಂತ ಕಾಣುತ್ತೆ. ಹೊರಡ್ತಾ, "ಕಮಿಟಿಯವರು ಸ್ಟೀಲಿನ ಬೋರ್ಡು ಮಾಡಿಸ್ತಾರಂತೆ. ಬರೋವರೆಗೆ ಇರಲಿ ಬಿಡಿ" ಅಂದ. ಹೊಸ ವರ್ಷಕ್ಕೆ ಬರುತ್ತಂತೆ ಸ್ಟೀಲು. ಅದರಲ್ಲೂ ಕೊನೇ ಸಾಲು ಅದೇ.

ಇನ್ನು ನೀನು ಕೇಳಿದ್ದು. ಉತ್ತರ ಇಲ್ಲದೆ ಅಲ್ಲ, ಬರೆಯೋಕೆ ಕೂತರೆ ಕೈ ಏಳುತ್ತಿರಲಿಲ್ಲ.

ಆ ವಾರ್ಡಿನ ಬಾಗಿಲಿಗೆ ಗಾಜು ಇತ್ತು. ಒಳಗೆ ಬಿಡ್ತಿರಲಿಲ್ಲ. ನಿನಗೆ ಹೆಣ್ಣು ಮಗು ಆಯ್ತು ಅಂತ ಅಳಿಯಂದಿರ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಕೂಗಿದರೆ ಅವಳಿಗೆ ಕೇಳಿಸಲ್ಲ, ಅವಳು ಹೇಳಿದ್ದು ನನಗೆ ಕೇಳಿಸಲ್ಲ. ಜೇಬಿನಲ್ಲಿ ಚಾಕ್‌ಪೀಸ್ ಇತ್ತು. ಅಂಗಡಿಯ ಗಾಜಿಗೆ ಒಳಗಿಂದ ಉಲ್ಟಾ ಬರೀತೀವಲ್ಲ, ಹೊರಗಿನವರಿಗೆ ನೆಟ್ಟಗೆ ಕಾಣೋ ಹಾಗೆ, ಹಾಗೇ ಗಾಜಿನ ಮೇಲೆ ಉಲ್ಟಾ ಬರೆದೆ. ಹೆಣ್ಣು ಮಗು. ನಮ್ಮಕ್ಷರದಲ್ಲೇ. ಒತ್ತು ಎಲ್ಲಿ ಬರಬೇಕು ಅಂತ ಒಂದು ಕ್ಷಣ ಗೊಂದಲ ಆಯ್ತು, ಆದರೂ ಸರಿಯಾಗಿ ಬಂತು. ಅವಳು ತಲೆ ತಿರುಗಿಸಿ ಓದಿದಳು. ಓದಿ, ಎರಡು ಕೈಯಲ್ಲೂ ಬಟ್ಟೆ ಹಿಂಡೋ ಹಾಗೆ ಮಾಡಿ ತೋರಿಸಿದಳು. ನನಗೆ ಮೊದಲು ತಿಳೀಲಿಲ್ಲ. ಮನೆಗೆ ಬರ್ತಾ ದಾರಿಯಲ್ಲಿ ತಿಳೀತು. ಮಗುವಿನ ಬಟ್ಟೆ ಒಗೆಯೋಕೆ ಹೋಗಬೇಕು ಅಂತ.

ಗೊತ್ತಾಯ್ತು ಅವಳಿಗೆ. ನಕ್ಕಿದ್ದಳು.

ಅದಾದ ಮೇಲೆ ನಿನ್ನ ಮನೆಗೆ ಬಂದು ಆ ಮಗುವನ್ನ ಅವಳಿಲ್ಲದೆ ಎತ್ತಿಕೊಳ್ಳೋದು ಹೇಗೆ ಅಂತ ಗೊತ್ತಾಗದೆ ಕೆಲಸ, ಕಿವಿ ಅಂತೆಲ್ಲ ಹೇಳ್ತಾ ಬಂದೆ.

ಸ್ಟೀಲು ಬರೋದರೊಳಗೆ ನೀನೇ ಒಂದು ಸಲ ಬಂದು ನೋಡು.

ನಿನ್ನ ಅಪ್ಪ

*

ಅಕ್ಟೋಬರ್ 30

ಅಪ್ಪಾ,

ಊರಿಗೆ ಬಂದಿದ್ದಾಗ ನಾವಿಬ್ಬರೂ ಕೂಸಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ನಿನ್ನ ಕಿವಿಯ ಮಿಷನ್ನು ಎಳೆದು ಬಾಯಿಗೆ ಹಾಕಿಕೊಂಡಳಲ್ಲ, ಅದು ಇನ್ನೂ ಕೆಲಸ ಮಾಡುತ್ತಿದೆಯಾ? ನೀನು ಅವಳನ್ನು ಎತ್ತಿಕೊಂಡು ಬೀದಿಗೆ ಹೊರಟಾಗ ನಾನು ಹೊಸಿಲವರೆಗೆ ಓಡಿಬಂದೆ. ತಡೆದುಕೊಂಡೆ. ಸೌಟು ಹಿಡಿದು ಬರಲಿಲ್ಲ.

ಆಸ್ಪತ್ರೆಯ ಹಾಲ್‌ನಲ್ಲಿ ನಾನು ಒಬ್ಬಳೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ ಅಂದಾಗ ನೀನು ಏನೂ ಕೇಳದೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದೆ. ನಾನು ಬಾಗಿಲ ಹತ್ತಿರ ನಿಂತೆ. ಜನ ಬರುತ್ತಿದ್ದರು, ಹೋಗುತ್ತಿದ್ದರು, ಯಾರೂ ತಲೆಯೆತ್ತಿ ನೋಡಲಿಲ್ಲ. ಡಾಕ್ಟರುಗಳ ಕಪ್ಪಕ್ಷರ ಕಣ್ಣಿಗೆ ಮೊದಲು ಬೀಳುತ್ತದೆ. ಆಮೇಲೆ ಅವುಗಳ ಸಂದಿಯಲ್ಲಿ ಅವಳು. ಎಷ್ಟು ತೆಳುವಾದ ಗುಲಾಬಿ ಅಪ್ಪಾ. ಬಿಸಿನೀರಿನಲ್ಲಿ ಕೆಲಸ ಮಾಡಿ ಬಂದಾಗ ಅವಳ ಅಂಗೈ ಹಾಗೇ ಇರುತ್ತಿತ್ತು.

ಬಟ್ಟೆ ತುಂಬಿದ ಗಾಡಿ ತಳ್ಳಿಕೊಂಡು ಒಬ್ಬ ಹೆಂಗಸು ಬಂದರು. ಲಾಂಡ್ರಿಯವರು. ಅಲ್ಲಿ ಗಾಡಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡಿ, "ಅವಳ ಮಗಳಲ್ಲವಾ? ಅದೇ ಮೂಗು" ಅಂದರು. ಹಲಗೆಯ ಕಡೆ ನೋಡದೆಯೇ ಅಂದರು. "ನನಗೆ ಇಂಗ್ಲಿಷ್ ಓದೋಕೆ ಬರಲ್ಲ. ಆದರೂ ಅಲ್ಲಿ ಅವಳಿದ್ದಾಳೆ ಅಂತ ನಮಗೆಲ್ಲ ಗೊತ್ತು." ಗಾಡಿಯ ಒಂದು ಚಕ್ರ ಕಿರ್ ಅನ್ನುತ್ತಿತ್ತು. ಅದರ ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ.

ಸ್ಟೀಲು ಬಂದ ಮೇಲೆ ಈ ಹಲಗೆ ಏನು ಮಾಡುತ್ತಾರೆ? ಕೇಳಿ ಇಟ್ಟುಕೋ. ಒಲೆಗೆ ಹಾಕಲು ಬಿಡಬೇಡ.

ಇಲ್ಲಿಗೆ ಬಂದ ಮೇಲೆ ಬೀರುವಿನ ಮೇಲಿನ ಗಂಟು ಇಳಿಸಿದೆ. ಬಿಚ್ಚಿದೆ. ಕುದಿಸಲಿಲ್ಲ. ಅವಳು ಹೊಲಿದ ಅಂಚುಗಳು ಇವೆ, ಅವಳ ಸೋಪಿನ ವಾಸನೆ ಇಲ್ಲ, ಹೋಗಿಬಿಟ್ಟಿದೆ. ಇಷ್ಟು ದಿನ ಮುಚ್ಚಿಟ್ಟು ನಾನೇ ಕಳೆದೆನೇನೋ. ಒಂದನ್ನು ತೊಟ್ಟಿಲಲ್ಲಿ ಹಾಸಿ ಕೂಸನ್ನು ಮಲಗಿಸಿದೆ. ಕಾಲು ಚಾಚಿದರೆ ಬಟ್ಟೆ ಸಾಲುವುದಿಲ್ಲ. ಹುಟ್ಟಿದ ಮಗುವಿನ ಅಳತೆಗೆ ಹೊಲಿದದ್ದು.

ನಾನು ಪಕ್ಕದಲ್ಲೇ ನೆಲದ ಮೇಲೆ ಒರಗಿದೆ, ಬೆರಳು ಹಿಡಿಯಲು ಸುಲಭವಾಗಲಿ ಅಂತ. ಆಮೇಲಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಗೋಡೆ ದಾಟಿತ್ತು. ಕೂಸು ಎದ್ದು, ಅತ್ತು, ಹಾಲು ಕುಡಿದು ಮತ್ತೆ ಮಲಗಿದ್ದಳಂತೆ. ಎಲ್ಲ ಇವರೇ ನೋಡಿಕೊಂಡರಂತೆ.

ಅವಳು ಅತ್ತದ್ದು ನನಗೆ ಕೇಳಿಸಲೇ ಇಲ್ಲ ಅಪ್ಪಾ.

ನಿನ್ನ,
ಗುಬ್ಬಿ